ಅಜ್ಜ ತೋಟಕ್ಕೆ ಹೋಗುತ್ತಾನೆಯೋ, ಹೋಗುತ್ತಿದ್ದನೋ?

ಎಂಟನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಕಥಾಸ್ಪರ್ಧೆಗೆಂದು ತೀರಿಕೊಂಡ ಅಜ್ಜನ ಮೇಲೆ ಕಥೆ ಬರೆದಿದ್ದಾಳೆ ಎಂದುಕೊಳ್ಳಿ. ಮೊದಲ ಸಾಲು: ‘ಅಜ್ಜ ಬೆಳಿಗ್ಗೆ ಕೋಲು ಹಿಡಿದು ತೋಟಕ್ಕೆ ಹೋಗುತ್ತಾನೆ.’ ಅಪ್ಪ ಪೆನ್ನು ತೆಗೆದು ‘ಹೋಗುತ್ತಾನೆ’ಯನ್ನು ಹೊಡೆದುಹಾಕಿ ‘ಹೋಗುತ್ತಿದ್ದ’ ಎಂದು ತಿದ್ದುತ್ತಾರೆ. ಸತ್ತವರು ತೋಟಕ್ಕೆ ಹೋಗುವುದುಂಟೆ? ಹುಡುಗಿಯ ಮುಖ ಸಪ್ಪಗಾಗುತ್ತದೆ. ಅವಳ ಕಥೆಯಲ್ಲಿ ಅಜ್ಜ ಸಾಯುವುದು ಮೂರನೇ ಪುಟದಲ್ಲಿ!

ವ್ಯಾಕರಣದ ಮಟ್ಟಿಗೆ ಇಬ್ಬರೂ ಸರಿ. ಕಥೆಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಹೇಳುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ? ಭೂತಕಾಲದಲ್ಲಿ ಹೇಳುವವರಿಗೆ ಕೊನೆ ಗೊತ್ತು. ‘ಅಂದು ಅಜ್ಜ ಕೋಲು ಮರೆತು ಹೋದ’ ಎಂದರೆ ಸಾಕು, ಓದುಗನ ಎದೆ ಸಣ್ಣಗೆ ನಡುಗುತ್ತದೆ. ವರ್ತಮಾನದಲ್ಲಿ ಹೇಳುವವರು ಪಾತ್ರದ ಜತೆಗೇ ಹೆಜ್ಜೆ ಹಾಕುತ್ತಾರೆ. ಬಾಗಿಲಿನಾಚೆ ಏನಿದೆಯೆಂಬುದು ಅವರಿಗೂ ತಿಳಿಯದು.

ಎರಡೂ ನಮಗೆ ಹೊಸದಲ್ಲ. ಅಜ್ಜಿಯ ಕಥೆ ‘ಒಬ್ಬ ರಾಜ ಇದ್ದನಂತೆ’ ಎಂದೇ ಶುರುವಾಗುತ್ತದೆ. ಆ ‘ಅಂತೆ’ಯಲ್ಲಿ, ತಾನು ಕಂಡದ್ದಲ್ಲ, ಕೇಳಿದ್ದು ಎಂಬ ಜಾಣತನವೂ ಇದೆ. ಅದೇ ಅಜ್ಜಿ ಸಂತೆಯಿಂದ ಬಂದು, ‘ಬಸ್ಸು ಹತ್ತಿ ಕೂತೆ, ಒಬ್ಬ ಬರ್ತಾನೆ, ನನ್ನನ್ನೇ ಏಳು ಅಂತಾನೆ’ ಎನ್ನುವಾಗ ನಡುವಿನಲ್ಲೇ ಕಾಲ ಬದಲಾಗಿರುತ್ತದೆ, ಕೇಳುವವರಿಗೆ ತೊಡಕಾಗುವುದಿಲ್ಲ. ಸಂಸ್ಕೃತದಲ್ಲಂತೂ ವರ್ತಮಾನದ ಕ್ರಿಯಾಪದಕ್ಕೆ ‘ಸ್ಮ’ ಸೇರಿಸಿದರೆ ಅದೇ ಭೂತಕಾಲವಾಗುತ್ತದೆ. ಪಾಣಿನಿಯೇ ಇದಕ್ಕೊಂದು ಸೂತ್ರ ಬರೆದಿದ್ದಾನೆ.

ಇಂಗ್ಲಿಷಿನಲ್ಲಿ ಚಾರ್ಲ್ಸ್ ಡಿಕನ್ಸ್ 1852-53ರಲ್ಲಿ ಕಂತುಗಳಲ್ಲಿ ಬರೆದ ‘ಬ್ಲೀಕ್ ಹೌಸ್’ ಕಾದಂಬರಿಯನ್ನು ನೋಡಬೇಕು. ಅರ್ಧ ಭಾಗವನ್ನು ಹೆಸರಿಲ್ಲದ ನಿರೂಪಕ ವರ್ತಮಾನದಲ್ಲಿ ಹೇಳುತ್ತಾನೆ. ಉಳಿದದ್ದನ್ನು ಎಸ್ತರ್ ಎಂಬ ಹೆಣ್ಣುಮಗಳು ತನ್ನ ನೆನಪಾಗಿ ಭೂತಕಾಲದಲ್ಲಿ ಹೇಳುತ್ತಾಳೆ. ಈಚಿನ ವರ್ಷಗಳಲ್ಲಿ ಮಕ್ಕಳು ಮುಗಿಬಿದ್ದು ಓದಿದ ‘ಹಂಗರ್ ಗೇಮ್ಸ್’ (2008) ಪೂರ್ತಿ ವರ್ತಮಾನದ್ದು. ನಾಯಕಿ ಬದುಕುತ್ತಾಳೋ ಇಲ್ಲವೋ ಎಂಬ ಕಥೆಗೆ ಅದು ಹೊಂದುತ್ತದೆ. ಆದರೆ 2010ರ ಬೂಕರ್ ಅಂತಿಮ ಪಟ್ಟಿಯ ಆರು ಕಾದಂಬರಿಗಳಲ್ಲಿ ಮೂರು ವರ್ತಮಾನದಲ್ಲಿದ್ದಾಗ, ಇದು ಅತಿಯಾಯಿತೆಂದು ಫಿಲಿಪ್ ಪುಲ್‌ಮನ್‌ರಂಥ ಹಿರಿಯ ಲೇಖಕರು ಪತ್ರಿಕೆಗಳಲ್ಲೇ ತಕರಾರು ತೆಗೆದರು.

ಅವರದು ಇಂಗ್ಲಿಷಿನ ಜಗಳ. ಕನ್ನಡದಲ್ಲಿ ಬರೆಯುವ ಮಕ್ಕಳಿಗೆ ಬೇರೆಯೇ ಎರಡು ತೊಂದರೆಗಳಿವೆ. ‘ಅಜ್ಜಿ ದೀಪ ಹಚ್ಚುತ್ತಾಳೆ’ ಎಂದರೆ ಯಾವಾಗ? ಈಗಲೋ, ದಿನಾಲೂನೋ, ನಾಳೆಯೋ? ಶಾಲೆಯ ವ್ಯಾಕರಣ ‘ಹಚ್ಚುವಳು’ ಎಂಬುದನ್ನು ಭವಿಷ್ಯತ್ತಿಗೆಂದು ಎತ್ತಿಟ್ಟಿದೆ. ಆಡುಮಾತಿನಲ್ಲಿ ‘ನಾಳೆ ಹಚ್ಚುವಳು’ ಎನ್ನುವವರು ವಿರಳ. ಹೀಗೆ ಒಂದೇ ರೂಪ ಮೂರು ಕೆಲಸ ಮಾಡುವಾಗ ‘ಆ ಸಂಜೆ’, ‘ಅಷ್ಟರಲ್ಲಿ’ ಎಂಬ ಊರುಗೋಲು ಕೊಡಬೇಕಾಗುತ್ತದೆ.

ಎರಡನೆಯದು ಕಿವಿಯ ತೊಂದರೆ, ಇದೇ ದೊಡ್ಡದು. ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಬರುತ್ತಾನೆ. ನೋಡುತ್ತಾನೆ. ಕೂರುತ್ತಾನೆ.’ ಪುಟವಿಡೀ ಹೀಗೇ ಸಾಗಿದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಸೇರಿಹೋಗುವುದರಿಂದ ಅಷ್ಟು ಕಿವಿಗೆ ಬೀಳುವುದಿಲ್ಲ. ‘ಬಂದ, ನೋಡಿದ, ಕೂತ’ ಎಂಬಲ್ಲಿ ಸದ್ದೂ ಕಡಿಮೆ, ಓಟವೂ ಹೆಚ್ಚು. ವರ್ತಮಾನವೇ ಬೇಕೆಂದರೆ ‘ಬಂದು, ಸುತ್ತ ನೋಡಿ, ಕೂರುತ್ತಾನೆ’ ಎಂದು ಕೊನೆಯ ಕ್ರಿಯಾಪದಕ್ಕೆ ಮಾತ್ರ ಕಾಲ ಹೊರಿಸಬಹುದು. ನಡುನಡುವೆ ‘ಅಂಗಳದಲ್ಲಿ ಬಿಸಿಲು’ ಎಂಬಂಥ ಕ್ರಿಯಾಪದವೇ ಇಲ್ಲದ ವಾಕ್ಯಗಳನ್ನೂ ಇಡಬಹುದು.

ಮಕ್ಕಳು ಭೂತಕಾಲದಲ್ಲಿ ಆರಂಭಿಸಿ ಅರಿವಿಲ್ಲದೆ ವರ್ತಮಾನಕ್ಕೆ ಜಾರುವುದಕ್ಕೆ ಕಾರಣ ಹೆಚ್ಚಾಗಿ ಗೈಡುಗಳು. ಪಾಠದ ಸಾರಾಂಶವನ್ನು ‘ನಾಯಕ ಊರು ಬಿಡುತ್ತಾನೆ’ ಎಂದೇ ಬರೆದು ರೂಢಿಯಾಗಿರುತ್ತದೆ. ಚಿತ್ರಕಥೆ, ನಾಟಕದ ರಂಗಸೂಚನೆಗಳೂ ವರ್ತಮಾನದಲ್ಲೇ ಇರುತ್ತವೆ. ಆದರೆ ಸಾರಾಂಶದ ಭಾಷೆ ಕಥೆಗೆ ಬಂದರೆ ಕಥೆಯೂ ಸಾರಾಂಶದಂತೆ ಒಣಗುತ್ತದೆ. ಇದಕ್ಕೆ ಮದ್ದು ಸುಲಭ: ಮೊದಲ ಹತ್ತು ಸಾಲುಗಳನ್ನು ಎರಡೂ ಕಾಲದಲ್ಲಿ ಬರೆದು ಗಟ್ಟಿಯಾಗಿ ಓದುವುದು. ಪಾಲಕರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು.

ನಮ್ಮ ಹುಡುಗಿ ಹಾಗೆ ಓದಿ ನೋಡಿದಳೆಂದುಕೊಳ್ಳೋಣ. ಅವಳು ಅಪ್ಪನ ತಿದ್ದುಪಡಿಯನ್ನು ಒಪ್ಪಲೂಬಹುದು: ಅಜ್ಜ ತೋಟಕ್ಕೆ ಹೋಗುತ್ತಿದ್ದ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದ, ಒಂದು ದಿನ ಮರಳಿ ಬರಲಿಲ್ಲ. ಕೊನೆಯ ಸಾಲನ್ನು ಮಾತ್ರ ಅವಳು ತಿದ್ದಲು ಬಿಡಬೇಕಾಗಿಲ್ಲ: ‘ಅಜ್ಜನ ಕೋಲು ಬಾಗಿಲ ಹಿಂದೆ ಇದೆ.’