ಕಬ್ಬಿನ ಹಂಗಾಮು ಮುಗೀತು, ಕಾರಿನ ಎಸಿ ಫಿಲ್ಟರ್ ತೆಗೆದು ನೋಡಿದ್ರಾ?

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿಪ್ಪರಗಿಯಿಂದ ಜಮಖಂಡಿಗೋ ಬನಹಟ್ಟಿಗೋ ಕಾರಲ್ಲಿ ಓಡಾಡೋರಿಗೆ ಇದೇನೂ ಹೊಸದಲ್ಲ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್, ಅದರ ಕರಿ ಹೊಗೆ. ಪಕ್ಕದ ಹೊಲದಲ್ಲಿ ರವದಿಗೆ ಹಚ್ಚಿದ ಬೆಂಕಿ. ಓವರ್‌ಟೇಕ್ ಮಾಡೋಕೆ ಜಾಗ ಸಿಗೋವರೆಗೆ ಗಾಜು ಏರಿಸಿ, ಎಸಿ ಹಾಕಿಕೊಂಡು ಕೂರ್ತೀವಿ. ಗಾಜು ಏರಿಸಿದ್ರೆ ಒಳಗಿನ ಗಾಳಿ ಸ್ವಚ್ಛ ಅಂತ ನಮ್ಮ ನಂಬಿಕೆ. ಆ ನಂಬಿಕೆಯ ಭಾರವೆಲ್ಲ ಗ್ಲೋವ್ ಬಾಕ್ಸ್ ಹಿಂದಿರೋ, ಒಂದು ನೋಟ್‌ಬುಕ್‌ನಷ್ಟು ಅಗಲದ, ಮಡಿಕೆ ಮಡಿಕೆಯಾದ ಫಿಲ್ಟರ್ ಮೇಲಿದೆ. ಅದಕ್ಕೆ ಕ್ಯಾಬಿನ್ ಫಿಲ್ಟರ್ ಅಂತಾರೆ. ಅಂಗಡಿಯಲ್ಲಿ ಎಸಿ ಫಿಲ್ಟರ್ ಅಂದರೂ ಕೊಡ್ತಾರೆ.

ಸರ್ವಿಸ್ ಬಿಲ್‌ನಲ್ಲಿ ‘ಏರ್ ಫಿಲ್ಟರ್’ ಅಂತ ಕಂಡು ಸಮಾಧಾನ ಮಾಡಿಕೊಳ್ಳಬೇಡಿ. ಬರೀ ಏರ್ ಫಿಲ್ಟರ್ ಅಂದರೆ ಸಾಮಾನ್ಯವಾಗಿ ಬಾನೆಟ್ ಕೆಳಗಿನದು. ಅದು ಎಂಜಿನ್ನಿಗೆ ಹೋಗೋ ಗಾಳಿ ಸೋಸುತ್ತದೆ. ಇದು ನಿಮ್ಮ ಮೂಗಿಗೆ ಹೋಗೋ ಗಾಳಿಯದು. ಮನೆಯಲ್ಲಿ ದಮ್ಮಿನ ತೊಂದರೆ ಇರೋ ಹಿರಿಯರೋ, ಮಾತುಮಾತಿಗೂ ಕೆಮ್ಮೋ ಮಗುವೋ ಇದ್ದರೆ ಈ ವ್ಯತ್ಯಾಸ ದೊಡ್ಡದು.

ಬೇಸಿಗೆ ಶುರುವಾಗ್ತಿದ್ದಂಗೆ ಇನ್ನೊಂದು ಮಾತು ಕೇಳಿಬರುತ್ತೆ: “ಎಸಿ ಕೂಲಿಂಗ್ ಇಲ್ಲ, ಗ್ಯಾಸ್ ಹೋಗೇತ್ರೀ.” ಹೋಗಿರಲೂಬಹುದು. ಆದರೆ ಗ್ಯಾಸ್ ತುಂಬಿಸೋಕೆ ದುಡ್ಡು ಕೊಡೋ ಮುಂಚೆ ನೀವೇ ಒಂದು ಪರೀಕ್ಷೆ ಮಾಡಿ. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟು, ಗಾಳಿ ಬರೋ ಕಿಂಡಿಗೆ ಕೈ ಒಡ್ಡಿ. ಗಾಳಿ ಜೋರಾಗಿ ಬಂದು ತಂಪೇ ಇಲ್ಲ ಅಂದ್ರೆ ಗ್ಯಾಸೋ ಕಂಪ್ರೆಸರೋ ನೋಡಿಸಬೇಕು. ಫ್ಯಾನಿನ ಸದ್ದು ದೊಡ್ಡದು, ಬರೋ ಗಾಳಿ ಕಡಿಮೆ, ಆದರೆ ಬಂದಷ್ಟು ತಂಪಾಗಿದೆ ಅಂದ್ರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಸಾವಿರಾರು ರೂಪಾಯಿಯ ಕೆಲಸಕ್ಕೂ ಕೆಲವು ನೂರು ರೂಪಾಯಿಯ ಕೆಲಸಕ್ಕೂ ಇರೋ ಅಂತರ ಇದು.

ಕಂಪನಿಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಇಲ್ಲವೇ 10ರಿಂದ 20 ಸಾವಿರ ಕಿ.ಮೀ.ಗೆ ಬದಲಿಸಿ ಅಂತಿರುತ್ತೆ. ಜೊತೆಗೆ, ಧೂಳು ಹೆಚ್ಚಿರೋ ಕಡೆ ಇನ್ನೂ ಬೇಗ ಅಂತ ಒಂದು ಸಾಲೂ ಇರುತ್ತೆ. ಆ ಸಾಲು ನಮಗಾಗಿಯೇ ಬರೆದಂಗಿದೆ. ಎರಿ ಮಣ್ಣಿನ ಧೂಳು, ರವದಿಯ ಬೂದಿ, ಸಕ್ಕರೆ ಕಾರ್ಖಾನೆ ಚಿಮಣಿಯ ಮಸಿ, ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳ ಹೊಗೆ, ಮುಧೋಳದ ಕಡೆ ಸುಣ್ಣದಕಲ್ಲಿನ ಪುಡಿ. ರಬಕವಿ-ಬನಹಟ್ಟಿಯ ಮಗ್ಗದ ಓಣಿಯಲ್ಲಿ ಕಾರು ನಿಲ್ಲಿಸೋರಿಗೆ ಹತ್ತಿಯ ನವಿರು ಎಳೆಗಳೂ ಸೇರುತ್ತವೆ. ಇವೆಲ್ಲ ಮಡಿಕೆಗಳಲ್ಲಿ ಕೂತ ಮೇಲೆ ಮಳೆಗಾಲದ ತೇವ ಸೇರಿದರೆ, ಎಸಿ ಹಾಕಿದ ಕೂಡಲೇ ಹಸಿ ಗೋಣಿಚೀಲದ ವಾಸನೆ. ಅದಕ್ಕೇ ನನ್ನ ಲೆಕ್ಕದಲ್ಲಿ ಹಂಗಾಮು ಮುಗಿದ ಏಪ್ರಿಲ್ಲೇ ಸರಿಯಾದ ಸಮಯ. ದೀಪಾವಳಿ ಹೊತ್ತಿಗೆ ಮತ್ತೊಮ್ಮೆ ತೆಗೆದು ನೋಡಿದರಾಯ್ತು.

ಇನ್ನು ಕೆಲಸ. ಮಾರುತಿ, ಹುಂಡೈನ ಬಹಳಷ್ಟು ಕಾರುಗಳಲ್ಲಿ ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಕಾರು ಆಫ್ ಮಾಡಿ, ಗ್ಲೋವ್ ಬಾಕ್ಸ್ ಖಾಲಿ ಮಾಡಿ. (ಮೂರು ವರ್ಷದ ಹಳೇ ಪೆಟ್ರೋಲ್ ಬಿಲ್ಲು, ದೇವಸ್ಥಾನದ ಕುಂಕುಮದ ಪೊಟ್ಟಣ ಎಲ್ಲ ಸಿಗುತ್ತೆ, ಹೆಚ್ಚು ಸಮಯ ಹೋಗೋದೇ ಅದಕ್ಕೆ.) ಬಾಕ್ಸಿನ ಎರಡೂ ಬದಿಯ ಗೋಡೆಗಳನ್ನು ಒಳಕ್ಕೆ ಒತ್ತಿದರೆ, ಇಲ್ಲವೇ ಅಲ್ಲಿರೋ ಪ್ಲಾಸ್ಟಿಕ್ ತಡೆಗಳನ್ನು ತಿರುಗಿಸಿ ತೆಗೆದರೆ, ಬಾಕ್ಸ್ ಪೂರ್ತಿ ಕೆಳಗೆ ಬಾಗುತ್ತದೆ. ಬದಿಯಲ್ಲಿ ಸಣ್ಣ ದಾರವೋ ಕಡ್ಡಿಯೋ ಸಿಕ್ಕಿಸಿದ್ದರೆ ಅದನ್ನು ಮೊದಲು ಬಿಡಿಸಿ. ಹಿಂದೆ ಆಯತಾಕಾರದ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತೆ. ಅದರ ಕ್ಲಿಪ್ ಒತ್ತಿ ತೆಗೆದರೆ ಫಿಲ್ಟರ್ ಡ್ರಾವರ್‌ನಂತೆ ಹೊರಗೆ ಜಾರುತ್ತದೆ.

ಎಳೆಯೋ ಮುಂಚೆ ಫೋನಲ್ಲಿ ಒಂದು ಫೋಟೊ ತೆಗೀರಿ. ಫಿಲ್ಟರ್ ಅಂಚಿನಲ್ಲಿ ‘ಏರ್ ಫ್ಲೋ’ ಅಂತ ಬಾಣದ ಗುರುತು ಇರುತ್ತೆ, ಹೊಸದನ್ನೂ ಅದೇ ದಿಕ್ಕಿಗೆ ಹಾಕಬೇಕು. ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ, ಹಳೇದನ್ನು ಅಲ್ಲಾಡಿಸದೆ ನಿಧಾನವಾಗಿ ಎಳೆಯಿರಿ. ಮೇಲಿರೋ ಬೇವಿನ ಎಲೆ ಕೆಳಗೆ ಬಿದ್ದು ಬ್ಲೋವರ್ ಸೇರಿದರೆ ಆಮೇಲೆ ಟಿಕ್ ಟಿಕ್ ಅಂತ ಸದ್ದು. ಗೂಡನ್ನು ಒಣ ಬಟ್ಟೆಯಿಂದ ಒರೆಸಿ, ಹೊಸದನ್ನು ತೂರಿಸಿ, ಮುಚ್ಚಳ ‘ಟಕ್’ ಅನ್ನೋವರೆಗೆ ಒತ್ತಿ. ಹತ್ತು ಹದಿನೈದು ನಿಮಿಷದ ಮಾತು. ಬಾಕ್ಸ್ ಬಾಗದೆ ಹಟ ಹಿಡಿದರೆ ಜೋರು ಮಾಡಬೇಡಿ, ನಿಮ್ಮ ಮಾಡೆಲ್‌ನಲ್ಲಿ ಸ್ಕ್ರೂ ಇರಬಹುದು. ಪುಸ್ತಕ ನೋಡಿ.

“ತೊಳೆದು ಒಣಗಿಸಿದ್ರೆ ಆಗಲ್ವಾ?” ಆಗಲ್ಲ. ಫಿಲ್ಟರಿನ ಸಣ್ಣ ಎಳೆಗಳಲ್ಲಿ ಬಹಳ ಸಲ ಸ್ಥಿರ ವಿದ್ಯುತ್ತಿನ ಅಂಶ ಇರುತ್ತದೆ, ನವಿರಾದ ಧೂಳನ್ನು ಹಿಡಿಯೋದು ಅದರಿಂದಲೂ ಹೌದು. ನೀರು ಬಿದ್ದರೆ ಅದೂ ಹೋಗುತ್ತೆ, ಮಡಿಕೆಗಳ ಆಕಾರವೂ ಕೆಡುತ್ತೆ, ಒಳಗೆ ತೇವ ಉಳಿದರೆ ಬೂಸ್ಟು. ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಹಿಡಿದರೆ ಎಳೆಗಳೇ ಹರಿದಾವು. ತೀರಾ ಅರ್ಜೆಂಟಿದ್ದರೆ ಮೆಲ್ಲಗೆ ತಟ್ಟಿ ಒಂದೆರಡು ವಾರ ತಳ್ಳಬಹುದು, ಅಷ್ಟೆ. ಹೊಸದು ತರುವಾಗ ಹಳೇದನ್ನು ಚೀಲದಲ್ಲಿ ಹಾಕಿ ಒಯ್ದು ತೋರಿಸಿ. ಒಂದೇ ಹೆಸರಿನ ಕಾರಿಗೂ ವರ್ಷದ ಮೇಲೆ ಅಳತೆ ಬದಲಾಗುತ್ತೆ.

ಸಾದಾ ಫಿಲ್ಟರ್ ಧೂಳು ಹಿಡಿಯುತ್ತೆ, ವಾಸನೆಯನ್ನಲ್ಲ. ಅದಕ್ಕೆ ಇದ್ದಿಲಿನ ಪದರ ಇರೋ ಕಾರ್ಬನ್ ಫಿಲ್ಟರ್ ಬರುತ್ತೆ, ಸ್ವಲ್ಪ ದುಬಾರಿ. ದಿನಾ ಕಾರ್ಖಾನೆ ರಸ್ತೆಯಲ್ಲೇ ಓಡಾಡೋರಿಗೆ ಆ ಹೆಚ್ಚಿನ ಖರ್ಚು ದಂಡವಲ್ಲ ಅಂತ ನನಗನ್ನಿಸುತ್ತೆ. ಆದರೂ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ ಒಳಗಿನ ಗಾಳಿಯೇ ಸುತ್ತುವ ರಿಸರ್ಕ್ಯುಲೇಷನ್ ಬಟನ್ ಒತ್ತಿ. ಹೊಗೆ ದಾಟಿದ ಮೇಲೆ ತೆಗೆಯೋದನ್ನು ಮರೀಬೇಡಿ. ನಾಲ್ಕು ಜನ ಗಾಜು ಮುಚ್ಚಿಕೊಂಡು ಅದೇ ಗಾಳಿ ಉಸಿರಾಡ್ತಾ ಹೋದರೆ ಇಂಗಾಲದ ಡೈಆಕ್ಸೈಡ್ ಏರುತ್ತೆ, ಓಡಿಸೋರಿಗೆ ತೂಕಡಿಕೆ ಬರುತ್ತೆ.

ಇಷ್ಟೆಲ್ಲ ಮಾಡಿ ಮುಚ್ಚಳ ತೆಗೆದರೆ ಗೂಡು ಖಾಲಿ ಇರಲೂಬಹುದು. ಹಳೆಯ ಕಾರುಗಳಲ್ಲಿ, ಕೆಲವು ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ ಫಿಲ್ಟರ್ ಕೊಟ್ಟಿರೋದೇ ಇಲ್ಲ. ಗೂಡಿದ್ದರೆ ಅದೇ ಮಾಡೆಲ್‌ನ ಫಿಲ್ಟರ್ ತಂದು ಕೂರಿಸಬಹುದು. ಅಷ್ಟು ವರ್ಷದ ಧೂಳು ಆಗಲೇ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಕೂತಿರುತ್ತೆ. ಅದನ್ನು ಸ್ವಚ್ಛ ಮಾಡೋಕೆ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಆ ಕೆಲಸ ಮಾತ್ರ ಎಸಿ ಮೆಕ್ಯಾನಿಕ್‌ಗೇ ಬಿಡಿ.