ಆಮಂತ್ರಣ ಪತ್ರಿಕೆಯಲ್ಲಿ ಹೆಸರಿಲ್ಲದವರು

ಮಗುವನ್ನು ಶಾಲೆಗೆ ಸೇರಿಸುವ ಸಮಯ ಬಂದಾಗ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೀಸು ಎಷ್ಟು, ಮೀಡಿಯಂ ಯಾವುದು, ಎಸ್ಸೆಸೆಲ್ಸಿ ರಿಸಲ್ಟ್ ಹೇಗುಂಟು? ಹೆಚ್ಚೆಂದರೆ ಟೀಚರ್‌ಗಳು ಹೇಗೆ ಎಂದು ವಿಚಾರಿಸ್ತೇವೆ. ಬೆಳಿಗ್ಗೆ ಗೇಟಿನ ಬೀಗ ತೆಗೆಯುವವರು ಯಾರು, ಶೌಚಾಲಯ ತೊಳೆಯುವವರು ಇದ್ದಾರಾ, ಮಧ್ಯಾಹ್ನದ ಅನ್ನ ಬೇಯಿಸುವವರಿಗೆ ಸಂಬಳ ಸರಿಯಾಗಿ ಸಿಗುತ್ತದಾ ಎಂಬ ವಿಚಾರ ಎತ್ತುವವರು ಅಪರೂಪ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ದಾನಿಗಳು ಎಂದು ಸಾಲು ಸಾಲು ಹೆಸರು. ಕೊನೆಗೆ ‘ಬೋಧಕೇತರ ಸಿಬ್ಬಂದಿ’ ಎಂದು ಎರಡು ಪದ. ಶಾಲೆಯನ್ನು ದಿನಾ ನಡೆಸುವ ಎಷ್ಟೋ ಜನರು ಆ ಎರಡು ಪದದ ಒಳಗೆ ಮಾಯವಾಗುತ್ತಾರೆ.

ನೂರು ಮಕ್ಕಳಿಗೆ ಇಬ್ಬರು

ಅಡುಗೆಯವರಿಂದಲೇ ಶುರು ಮಾಡೋಣ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟ ನಮಗೆಲ್ಲ ಗೊತ್ತಿರುವುದೇ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶ ಕೊಟ್ಟಿತು. ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಶುರುವಾಯಿತು. ಲೆಕ್ಕ ಹೀಗುಂಟು: ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ನೂರು ಮಕ್ಕಳಿದ್ದರೆ 10 ಕಿಲೋ ಅಕ್ಕಿ ಆರಿಸಿ ತೊಳೆಯಬೇಕು, 5 ಕಿಲೋ ತರಕಾರಿ ಹೆಚ್ಚಬೇಕು. ಅದರ ಮೇಲೆ ಹಾಲಿನ ಪುಡಿ ಕಲಸಿ ಕಾಯಿಸಬೇಕು. ಮೊಟ್ಟೆ ಬೇಯಿಸಿ ಸಿಪ್ಪೆ ಸುಲಿಯಬೇಕು. ಉಂಡ ಮೇಲೆ ದೊಡ್ಡ ದೊಡ್ಡ ಪಾತ್ರೆ ತಿಕ್ಕಬೇಕು. ಇಷ್ಟೆಲ್ಲಕ್ಕೆ 26ರಿಂದ 100 ಮಕ್ಕಳವರೆಗೆ ಅಡುಗೆಯವರು ಇಬ್ಬರು, ಅದು ನಿಯಮ. ಒಬ್ಬರಿಗೆ ಜ್ವರ ಬಂದ ದಿನ ಎಂತ ಮಾಡುವುದು ಎಂದು ನಿಯಮದಲ್ಲಿ ಬರೆದಿಲ್ಲ. ಇನ್ನೊಬ್ಬರು ಮಾಡ್ತಾರೆ, ಅಷ್ಟೇ.

ಇವರಿಗೆ ಸಿಗುವ ಹಣಕ್ಕೆ ಸಂಬಳ ಎಂದು ಹೆಸರಿಲ್ಲ, ‘ಗೌರವಧನ’ ಎನ್ನುತ್ತಾರೆ. ಆ ಮಾತಿನಲ್ಲಿ ಗೌರವ ಉಂಟು, ಧನ ಕಡಿಮೆ. ಕೇಂದ್ರ ಯೋಜನೆಯ ಲೆಕ್ಕದಲ್ಲಿ 2009ರಲ್ಲಿ ನಿಗದಿಯಾದದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ರಾಜ್ಯ ಸರಕಾರ ತನ್ನ ಪಾಲು ಸೇರಿಸುತ್ತಾ ಬಂದಿದೆ. 2025ರ ರಾಜ್ಯ ಬಜೆಟ್‌ನಲ್ಲಿ ಒಂದು ಸಾವಿರ ಹೆಚ್ಚಿಸಿದ ಮೇಲೆ ಮುಖ್ಯ ಅಡುಗೆಯವರಿಗೆ 4700, ಸಹಾಯಕರಿಗೆ 4600 ರೂಪಾಯಿ ಆಯಿತು. ತಿಂಗಳಿಗೆ 24 ದಿನ ಕೆಲಸ ಎಂದು ಹಿಡಿದರೂ ದಿನಕ್ಕೆ 200 ರೂಪಾಯಿ ಮುಟ್ಟುವುದಿಲ್ಲ. ಅದೇ ವರ್ಷ ಉದ್ಯೋಗ ಖಾತರಿಯಲ್ಲಿ ಮಣ್ಣು ಹೊತ್ತವರಿಗೆ ದಿನಕ್ಕೆ 370 ಇತ್ತು. ಮಣ್ಣಿನ ಕೆಲಸ ಸುಲಭ ಎಂದು ಇದರ ಅರ್ಥವಲ್ಲ. ಮಕ್ಕಳ ಅನ್ನ ಬೇಯಿಸುವ ಕೆಲಸ ಅದಕ್ಕಿಂತ ಕಡಿಮೆ ಬೆಲೆಯದ್ದಾ ಎಂಬುದು ಪ್ರಶ್ನೆ.

ಇನ್ನು ಜವಾಬ್ದಾರಿ. 2013ರ ಜುಲೈಯಲ್ಲಿ ಬಿಹಾರದ ಒಂದು ಶಾಲೆಯಲ್ಲಿ ವಿಷ ಬೆರೆತ ಊಟ ಉಂಡು 23 ಮಕ್ಕಳು ತೀರಿಕೊಂಡರು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು, ಅವರಲ್ಲಿ ಒಬ್ಬರಾದರೂ ಶಿಕ್ಷಕರು, ರುಚಿ ನೋಡಲೇಬೇಕು ಎಂಬ ನಿಯಮ ಉಂಟು. ಅಂದರೆ ನಮ್ಮ ಮಗು ತಟ್ಟೆ ಹಿಡಿದು ಕೂರುವ ಮೊದಲು ಯಾರೋ ಒಬ್ಬರು ತಮ್ಮ ಬಾಯಿಗೆ ಹಾಕಿ ನೋಡಿದ್ದಾರೆ. ಮಗು ಸಂಜೆ ನಗುತ್ತಾ ಮನೆಗೆ ಬಂದರೆ ಅದರಲ್ಲಿ ಅವರ ಪಾಲು ಉಂಟು.

ಬ್ಯಾರಿ ಮಾತ್ರ ಗೊತ್ತಿರುವ ಮಗು

ಶಾಲೆಯ ಆಯಾಗಳ ಬಗ್ಗೆ ನಮ್ಮ ತಾಯಂದಿರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಮನೆಯ ಮಗು ಶಾಲೆಗೆ ಹೋಗುವಾಗ ಬಾಯಲ್ಲಿರುವುದು ಬ್ಯಾರಿ ಭಾಷೆ. ಕ್ಲಾಸಿನಲ್ಲಿ ಟೀಚರ್ ಕನ್ನಡದಲ್ಲಿ ಮಾತಾಡ್ತಾರೆ, ಇಲ್ಲವೇ ಇಂಗ್ಲಿಷ್‌ನಲ್ಲಿ. ಬಾಯಾರಿಕೆ ಆಯಿತು, ಹೊಟ್ಟೆ ನೋಯುತ್ತದೆ, ಮೂತ್ರಕ್ಕೆ ಹೋಗಬೇಕು ಎಂದು ಹೇಳಲು ಮಗುವಿಗೆ ಪದ ಇಲ್ಲ. ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತದೆ. ಆಗ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಬಟ್ಟೆ ಬದಲಾಯಿಸಿ, ಅದರದ್ದೇ ಭಾಷೆಯಲ್ಲಿ ಎರಡು ಮಾತಾಡಿ ಸಮಾಧಾನ ಮಾಡುವವರು ಆಯಾ. ಬ್ಯಾರಿ ಬರದಿದ್ದರೆ ತುಳುವಿನಲ್ಲಿ ಮಾತಾಡ್ತಾರೆ, ಮಗುವಿಗೆ ಅದಾದರೂ ಹತ್ತಿರ. ಶಾಲೆ ಎಂದರೆ ಹೆದರುವ ಜಾಗ ಅಲ್ಲ ಎಂದು ಮಗುವಿಗೆ ಮೊದಲು ಕಲಿಸುವವರು ಅವರೇ. ಅವರಿಗೆ ಬಿಎಡ್ ಇಲ್ಲ.

ದೊಡ್ಡ ಹೆಣ್ಣುಮಕ್ಕಳ ವಿಚಾರವೂ ಹಾಗೆಯೇ. ತರಗತಿಯಲ್ಲಿ ಹೇಳಿಕೊಳ್ಳಲಾಗದ ತೊಂದರೆ ಬಂದಾಗ ಅವರು ಹೋಗುವುದು ಆಯಾ ಹತ್ತಿರ. ಶೌಚಾಲಯ ಸ್ವಚ್ಛವಾಗಿ, ನೀರು ಇದ್ದು, ಚಿಲಕ ಗಟ್ಟಿಯಾಗಿದ್ದರೆ ಹೆಣ್ಣುಮಗು ತಿಂಗಳಿಡೀ ಶಾಲೆಗೆ ಹೋಗುತ್ತಾಳೆ. ಇಲ್ಲದಿದ್ದರೆ ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲೇ. ಪರೀಕ್ಷೆಯ ಹೊತ್ತಿಗೆ ಆ ದಿನಗಳ ಪಾಠ ಎಲ್ಲಿಂದ ತರುವುದು? ನಮ್ಮ ಹೆಣ್ಣುಮಕ್ಕಳು ಇವತ್ತು ಎಸ್ಸೆಸೆಲ್ಸಿ, ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದಾರೆ ಎಂದು ಸನ್ಮಾನ ಮಾಡ್ತೇವೆ. ಆ ಅಂಕದ ಹಿಂದೆ ಪೊರಕೆ ಹಿಡಿದ ಒಂದು ಕೈಯೂ ಉಂಟು.

ಹತ್ತು ತಿಂಗಳ ಮೇಷ್ಟ್ರು

ಪಾಠ ಮಾಡುವವರಲ್ಲೂ ಎಲ್ಲರ ಸ್ಥಿತಿ ಒಂದೇ ಅಲ್ಲ. ಖಾಯಂ ಹುದ್ದೆ ಖಾಲಿ ಇರುವ ಕಡೆ ಅತಿಥಿ ಶಿಕ್ಷಕರು ಬರ್ತಾರೆ. ಹೆಸರು ಅತಿಥಿ, ಕೆಲಸ ಮನೆಯವರದ್ದೇ. 2025ರ ಬಜೆಟ್‌ನಲ್ಲಿ ಅವರ ಗೌರವಧನವನ್ನು 2000 ರೂಪಾಯಿ ಹೆಚ್ಚಿಸಿ, ಪ್ರಾಥಮಿಕ ಶಾಲೆಯವರಿಗೆ 12,000 ಮಾಡಿದರು. ಏಪ್ರಿಲ್, ಮೇ ತಿಂಗಳಲ್ಲಿ ಕೆಲಸ ಇಲ್ಲ, ಹಣವೂ ಇಲ್ಲ. ಜೂನ್‌ನಲ್ಲಿ ಮತ್ತೆ ಕರೀತಾರಾ ಎಂಬುದೂ ಖಾತ್ರಿ ಇಲ್ಲ. ಅಡುಗೆಮನೆಗೆ ಮಾತ್ರ ಬೇಸಿಗೆ ರಜೆ ಇಲ್ಲ, ಅಕ್ಕಿ ಅಂಗಡಿಯವನು ಏಪ್ರಿಲ್‌ನಲ್ಲೂ ದುಡ್ಡು ಕೇಳ್ತಾನೆ.

ಸರಕಾರದ ಲೆಕ್ಕ ಸರಕಾರಕ್ಕಿರಲಿ. ನಮ್ಮದೇ ಜಮಾಅತ್‌ಗಳು, ಟ್ರಸ್ಟ್‌ಗಳು ನಡೆಸುವ ಶಾಲೆಗಳೂ ಊರೂರಲ್ಲಿ ಉಂಟು. ಮದರಸಗಳಂತೂ ಎಲ್ಲ ಮೊಹಲ್ಲಾಗಳಲ್ಲಿ. ಅಲ್ಲಿ ಬಜೆಟ್ ಮಂಡಿಸುವವರು ನಾವೇ. ಹೊಸ ಕಟ್ಟಡಕ್ಕೆ, ಟೈಲ್ಸಿಗೆ, ಗೇಟಿಗೆ ದಾನಿಗಳು ಸಿಗ್ತಾರೆ, ಹೆಸರು ಕಲ್ಲಿನಲ್ಲಿ ಬರುತ್ತದೆ. ಆಯಾ, ಅಟೆಂಡರ್, ವ್ಯಾನಿನ ಡ್ರೈವರ್, ಮದರಸ ಗುಡಿಸುವವರ ಸಂಬಳಕ್ಕೆ ದಾನಿಗಳನ್ನು ಹುಡುಕುವುದು ಕಷ್ಟ. ಸಂಬಳಕ್ಕೆ ಕಲ್ಲು ಹಾಕಲು ಬರುವುದಿಲ್ಲವಲ್ಲ.

ಗುಡಿಸಿದವರನ್ನು ನೆನೆದವರು

ಮಸೀದಿ ಗುಡಿಸುತ್ತಿದ್ದ ಒಬ್ಬ ಬಡ ಸ್ತ್ರೀಯ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಆಕೆ ತೀರಿಕೊಂಡಾಗ, ಸಣ್ಣ ವಿಷಯವೆಂದು ಪ್ರವಾದಿಯವರಿಗೆ (ಸ) ಹೇಳದೆ ದಫನ್ ಮಾಡಿದ್ದರು. ಆಕೆ ಕಾಣುವುದಿಲ್ಲವಲ್ಲ ಎಂದು ಅವರೇ ವಿಚಾರಿಸಿದರು. ವಿಷಯ ತಿಳಿದಾಗ ನನಗೇಕೆ ಹೇಳಲಿಲ್ಲ ಎಂದು ಕೇಳಿ, ಕಬರ್ ಎಲ್ಲಿ ಎಂದು ತೋರಿಸಲು ಹೇಳಿ, ಅಲ್ಲಿಗೇ ಹೋಗಿ ನಮಾಝ್ ಮಾಡಿದರು. ಗುಡಿಸುವವರು ಒಂದು ದಿನ ಕಾಣದಿದ್ದರೆ ವಿಚಾರಿಸಬೇಕು ಎಂಬುದು ಇದರಲ್ಲಿರುವ ಪಾಠ.

ನಮ್ಮ ಕಾಲದ ಉದಾಹರಣೆ ಬೇಕಾದರೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿದ ಹರೇಕಳ ಹಾಜಬ್ಬರು ನ್ಯೂಪಡ್ಪುವಿನಲ್ಲಿ ಶಾಲೆ ತಂದರು. 2000ದಲ್ಲಿ ಮದರಸದ ಕೋಣೆಯಲ್ಲಿ 28 ಮಕ್ಕಳಿಂದ ಶುರುವಾದ ಶಾಲೆ ಅದು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆಯಿತು. ಆದರೆ ಅವರನ್ನು ಹತ್ತಿರದಿಂದ ಕಂಡವರು ಹೇಳುವುದು ಬೇರೆ ಮಾತು: ಶಾಲೆಯ ಬಾಗಿಲು ತೆರೆದವರು, ಅಂಗಳ ಗುಡಿಸಿದವರು, ಮಕ್ಕಳಿಗೆ ನೀರು ಕಾಯಿಸಿ ಇಟ್ಟವರು ಅವರೇ. ಶಾಲೆ ಕಟ್ಟಿದ ಮನುಷ್ಯನಿಗೇ ಪೊರಕೆ ಕೀಳು ಎನಿಸಲಿಲ್ಲ.

ನಮ್ಮಿಂದ ಆಗುವುದು ಎಂತ? ಮೊದಲನೆಯದು, ಕಮಿಟಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಕೆಳಗಿನ ಸಿಬ್ಬಂದಿಗೆ ಹನ್ನೆರಡು ತಿಂಗಳ ಸಂಬಳ, ತಿಂಗಳ ನಿಗದಿತ ದಿನಕ್ಕೆ ಸಿಗ್ತದಾ? ಎರಡನೆಯದು, ಸರಕಾರಿ ಶಾಲೆಯ ಎಸ್‌ಡಿಎಂಸಿಗೆ ಹೆತ್ತವರೇ ಸದಸ್ಯರು. ಅಡುಗೆಯವರ ಗೌರವಧನ ಬಾಕಿ ಉಂಟಾ ಎಂದು ವಿಚಾರಿಸಿ, ಬಾಕಿ ಇದ್ದರೆ ಬರೆದು ಕೊಡಿ. ಮೂರನೆಯದಕ್ಕೆ ಖರ್ಚೇ ಇಲ್ಲ. ಆಯಾನ ಹೆಸರು, ಅಡುಗೆಯವರ ಹೆಸರು ನಿಮ್ಮ ಮಗುವಿಗೆ ಗೊತ್ತುಂಟಾ ಎಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಗೊತ್ತಿಲ್ಲದಿದ್ದರೆ ನಾಳೆ ಕೇಳಿಕೊಂಡು ಬರಲು ಹೇಳಿ. ಮುಂದಿನ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಆ ಹೆಸರುಗಳು ಬೇಕಾಗುತ್ತವೆ.