ಬಿಳಿ ಗೆರೆಯ ದಾರಿ, ಬಿಳಿ ಮೀಸೆಯ ಅಜ್ಜ

ಫ್ರಾನ್ಸಿನ ಮಿಶೆಲಿನ್ ನಕ್ಷೆ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ರಸ್ತೆಗಳು. ಆಮೇಲೆ ಹಳದಿ. ಅವುಗಳ ಸಂದಿಯಲ್ಲಿ, ಸ್ವಲ್ಪ ಹೊತ್ತು ನೋಡುತ್ತ ಕೂತವರಿಗೆ ಮಾತ್ರ ಕಾಣುವಂತೆ, ಸಪೂರ ಬಿಳಿ ಗೆರೆಗಳು ಊರಿಂದೂರಿಗೆ ಓಡಾಡಿರುತ್ತವೆ. ಕಾರಿನವರು ಕೆಂಪು ಹಿಡಿಯುತ್ತಾರೆ. ಸೈಕಲ್ಲಿನವರು ಬಿಳಿ ಹುಡುಕುತ್ತಾರೆ. ಗೆರೆಯ ಪಕ್ಕ ಹಸಿರು ಅಂಚು ಎಳೆದಿದ್ದರೆ ಆ ದಾರಿ ನೋಡಲು ಚೆಂದ ಎಂದು ಲೆಕ್ಕ. ಗೆರೆಯ ಮೇಲೆ ಬಾಣದ ತಲೆ ಒಂದಿದ್ದರೆ ಏರು ಶೇ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕಿಂತ ಕಡಿದು. ಇಷ್ಟು ಓದಲು ಬಂದರೆ ಸಾಕು, ದಿನಗಟ್ಟಲೆ ಲಾರಿಯ ಹಾರ್ನ್ ಕೇಳದೆ ಆ ದೇಶವನ್ನು ದಾಟಬಹುದು.

ಮಿಶೆಲಿನ್ ಎಂದರೆ ಟೈರ್ ಕಂಪನಿ. ಆ ಕಂಪನಿಗೆ ಹೆಸರು ತಂದುಕೊಟ್ಟಿದ್ದೂ ಸೈಕಲ್ಲೇ. 1891ರ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟವನ್ನು ಶಾರ್ಲ್ ತೆರೋಂ ಗೆದ್ದಿದ್ದು ಮಿಶೆಲಿನ್ನರ ಬಿಚ್ಚಿ ಹಾಕಬಹುದಾದ ಗಾಳಿ ಟೈರಿನ ಮೇಲೆ. ನಕ್ಷೆಗಳು ಬಂದದ್ದು ಆಮೇಲೆ, 1910ರ ಸುಮಾರಿಗೆ. 1 ಸೆಂ.ಮೀ.ಗೆ 2 ಕಿ.ಮೀ. ಅಳತೆಯ ಆ ಹಾಳೆಗಳ ಪದ್ಧತಿ ಹೆಚ್ಚುಕಮ್ಮಿ ಹಾಗೇ ಉಳಿದಿದೆ.

ಅಷ್ಟೊಂದು ಬಿಳಿ ಗೆರೆ ಬಂದದ್ದಾದರೂ ಎಲ್ಲಿಂದ? ಫ್ರಾನ್ಸಿನ ರಸ್ತೆಗಳ ಒಟ್ಟು ಉದ್ದ 10 ಲಕ್ಷ ಕಿ.ಮೀ. ಮೀರುತ್ತದೆ. ಅದರಲ್ಲಿ ಸುಮಾರು 3.8 ಲಕ್ಷ ಕಿ.ಮೀ. ಜಿಲ್ಲಾ ರಸ್ತೆ, ಉಳಿದದ್ದರಲ್ಲಿ ಬಹುಪಾಲು ಹಳ್ಳಿ ರಸ್ತೆ. ಬುಡದಲ್ಲಿರುವುದು 1836ರ ಒಂದು ಕಾನೂನು. ಪ್ರತಿ ಹಳ್ಳಿ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕಾಗಿ ಮನೆಯವರು ವರ್ಷಕ್ಕೆ ಮೂರು ದಿನದವರೆಗೆ ದುಡಿಯಬೇಕು, ಇಲ್ಲವೇ ಅದರ ಬಾಬ್ತು ಹಣ ಕಟ್ಟಬೇಕು ಎಂದಿತು ಆ ಕಾನೂನು. ಚರ್ಚಿಗೆ, ಸಂತೆಗೆ, ಗಿರಣಿಗೆ ಹೋಗಲು ಹೀಗೆ ಊರವರೇ ಮೈಮುರಿದು ಹಾಕಿದ ದಾರಿಗಳಿಗೆ ಈಗ ಟಾರು ಬಿದ್ದಿದೆ. ಕೆಲವು ಕಡೆ ದಾರಿಬದಿಯಲ್ಲಿ ಬಿಳಿ ಕಲ್ಲು, ಕಲ್ಲಿಗೆ ಹಳದಿ ತಲೆ. ಅದು ಜಿಲ್ಲಾ ರಸ್ತೆಯ ಗುರುತು.

ಈ ಇತಿಹಾಸ ಇಷ್ಟಕ್ಕೇ ಸಾಕು. ನಾನು ಈ ವಿಷಯ ಕೈಗೆತ್ತಿಕೊಂಡಿದ್ದೇ ಒಬ್ಬ ಮನುಷ್ಯನ ಸಲುವಾಗಿ.

ಆತನ ಹೆಸರು ಪಾಲ್ ದ ವಿವಿ. ಸೈಕಲ್ ಲೋಕಕ್ಕೆ ‘ವೆಲೋಸಿಯೊ’. ಹುಟ್ಟಿದ್ದು 1853ರಲ್ಲಿ, ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಸಣ್ಣ ಊರಲ್ಲಿ. ಬದುಕಿದ್ದು ಸೇಂಟ್ ಎಟಿಯೆನ್ನಿನಲ್ಲಿ. ಕಲ್ಲಿದ್ದಲು, ಬಂದೂಕು, ರೇಷ್ಮೆ ರಿಬ್ಬನ್ನುಗಳ ಊರು ಅದು. ಮುಂದೆ ಸೈಕಲ್ ಕಾರ್ಖಾನೆಗಳ ಊರೂ ಆಯಿತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಆಯುಧ, ರಿಬ್ಬನ್, ಸೈಕಲ್ ಮೂರೂ ಒಂದೇ ಸೂರಿನಡಿ ಇವೆ. ವೆಲೋಸಿಯೊ ರೇಷ್ಮೆ ವ್ಯಾಪಾರಿಯಾಗಿದ್ದ. ಮೂವತ್ತರ ಹತ್ತಿರ ಬಂದಾಗ ದೊಡ್ಡ ಗಾಲಿಯ ಹಳೇ ಕಾಲದ ಸೈಕಲ್ ಹತ್ತಿದವನು ಮತ್ತೆ ಇಳಿಯಲೇ ಇಲ್ಲ. ರೇಷ್ಮೆ ಬಿಟ್ಟು ಸೈಕಲ್ ವ್ಯಾಪಾರಕ್ಕಿಳಿದ. 1887ರಲ್ಲಿ ಒಂದು ಪತ್ರಿಕೆ ಶುರು ಮಾಡಿದ. ಅದೇ ಮುಂದೆ ‘ಲ ಸಿಕ್ಲಿಸ್ತ್’ ಎಂದು ಪ್ರಸಿದ್ಧವಾಯಿತು.

ಸೇಂಟ್ ಎಟಿಯೆನ್ನಿನ ಸುತ್ತ ಎತ್ತ ಹೊರಟರೂ ಬೆಟ್ಟ. ಒಂದೇ ಗೇರಿನ ಸೈಕಲ್ಲಿನಲ್ಲಿ ಏರು ಹತ್ತುವುದು ಪೈಲ್ವಾನರ ಕೆಲಸ. ವೆಲೋಸಿಯೊನ ತಕರಾರು ಇದೇ ಆಗಿತ್ತು: ಬೆಟ್ಟ ಹತ್ತುವುದಕ್ಕೆ ಪೈಲ್ವಾನನೇ ಯಾಕಾಗಬೇಕು? ಎರಡು ಚೈನು ಹಾಕಿ ನೋಡಿದ, ಚೈನನ್ನು ಕೈಯಿಂದಲೇ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸಿ ನೋಡಿದ, ಗೇರು ಬದಲಿಸುವ ಬಗೆಬಗೆಯ ಸಲಕರಣೆಗಳನ್ನು ತಾನೇ ತುಳಿದು ಪರೀಕ್ಷಿಸಿದ, ಸರಿಬಂದದ್ದನ್ನೂ ಬಾರದ್ದನ್ನೂ ಬಿಡದೆ ಪತ್ರಿಕೆಯಲ್ಲಿ ಬರೆದ. ಪಂದ್ಯದವರಿಗೆ ಇದು ಹಿಡಿಸಲಿಲ್ಲ. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ನಡೆಸಿದ ಬೆಟ್ಟದ ಸ್ಪರ್ಧೆಯಲ್ಲಿ ಮಾರ್ಥ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ ತುಳಿದು, ಒಂದೇ ಗೇರಿನ ಪಟು ಎದುವಾರ್ ಫಿಷರನನ್ನು ಹಿಂದೆ ಹಾಕಿದಳು. ಮರುವರ್ಷ ಟೂರ್ ದ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್, ಗೇರು ವಯಸ್ಸಾದವರಿಗಷ್ಟೇ ಎಂದು ಮೂದಲಿಸಿದ್ದು ಇಂದಿಗೂ ಸೈಕಲ್ಲಿಗರ ಬಾಯಲ್ಲಿದೆ. ಅವನ ಪಂದ್ಯದಲ್ಲಿ, ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಡಿರೇಲರ್ ಗೇರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ವೆಲೋಸಿಯೊ ತೀರಿಕೊಂಡು ಏಳು ವರ್ಷ.

ಈ ಅಜ್ಜ ನನಗೆ ಹಿಡಿಸಿದ್ದು ಗೇರಿಗಿಂತ ಹೆಚ್ಚಾಗಿ ಆತನ ಶಿಸ್ತಿಗೆ. ಸಸ್ಯಾಹಾರಿ. ಎಸ್ಪೆರಾಂಟೊ ಭಾಷೆಯ ಅಭಿಮಾನಿ. ರಾತ್ರಿಯಿಡೀ ತುಳಿದು ಬೆಳಗಾಗುವಷ್ಟರಲ್ಲಿ ಬೇರೆ ಸೀಮೆ ಸೇರುತ್ತಿದ್ದ. ಸವಾರರಿಗೆ ಆತ ಹಾಕಿಕೊಟ್ಟ ಏಳು ಕಟ್ಟಳೆಗಳು ಇಂದಿಗೂ ಚಾಲ್ತಿಯಲ್ಲಿವೆ. ನಿಲ್ಲುವುದು ಕಡಿಮೆ ಇರಲಿ, ನಿಂತರೂ ಬೇಗ ಹೊರಡು. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನು, ಬಾಯಾರುವ ಮೊದಲೇ ಕುಡಿ. ಅನ್ನ ಸೇರದಷ್ಟು, ನಿದ್ದೆ ಬಾರದಷ್ಟು ದಣಿಯಬೇಡ. ದಾರಿಯಲ್ಲಿರುವಾಗ ಮಾಂಸ, ಮದ್ಯ, ಹೊಗೆಸೊಪ್ಪು ಬೇಡ. ಕೊನೆಯದು, ಜಂಬಕ್ಕಾಗಿ ತುಳಿಯಬೇಡ ಎಂಬುದು. ಇವತ್ತಿನ ಸವಾರನ ಮೊಬೈಲಿನಲ್ಲಿ ತನ್ನ ವೇಗವನ್ನು ಊರಿಗೆಲ್ಲ ಸಾರುವ ಆ್ಯಪ್ ಇರುತ್ತದಲ್ಲ, ಅಜ್ಜ ಅದನ್ನು ನೋಡಬೇಕಿತ್ತು.

ಸೇಂಟ್ ಎಟಿಯೆನ್ನಿನ ದಕ್ಷಿಣಕ್ಕೆ 1,161 ಮೀಟರ್ ಎತ್ತರದ ಕಣಿವೆಮಾರ್ಗವೊಂದಿದೆ, ಕೋಲ್ ದ ಲಾ ರಿಪಬ್ಲಿಕ್. ಊರಿನಿಂದ ಅಲ್ಲಿಗೆ ಹತ್ತುವುದು ವೆಲೋಸಿಯೊನ ನಿತ್ಯದ ಅಭ್ಯಾಸ. 1922ರಿಂದ ಆತನ ಗೌರವಾರ್ಥ ಸವಾರರೆಲ್ಲ ಕೂಡಿ ಆ ಏರು ಹತ್ತುವ ದಿನಾಚರಣೆ ಶುರುವಾಯಿತು. ತನ್ನ ಹೆಸರಿನ ಜಾತ್ರೆಯಲ್ಲಿ ಅಜ್ಜ ತಾನೂ ತುಳಿದ. ಮೇಲೆ ಈಗ ಆತನ ಸ್ಮಾರಕವಿದೆ. ಇಂಥ ಮನುಷ್ಯ ಸತ್ತದ್ದು 1930ರಲ್ಲಿ, ಊರ ನಡುಬೀದಿಯಲ್ಲಿ ಟ್ರಾಮ್ ಗುದ್ದಿ.

ವೆಲೋಸಿಯೊನ ಹುಟ್ಟೂರಿನ ಪಕ್ಕ ಹರಿಯುವ ನೆಸ್ಕ್ ಹೊಳೆಯನ್ನು ಎದುರುಮುಖವಾಗಿ ಹಿಡಿದು ಹೋದರೆ ಫ್ರಾನ್ಸಿನ ಅತಿ ಚೆಂದದ ಸೈಕಲ್ ದಾರಿಗಳಲ್ಲೊಂದು ಸಿಗುತ್ತದೆ. ವಾಂಟೂ ಪರ್ವತದ ದಕ್ಷಿಣ ಮಗ್ಗುಲಲ್ಲಿ ಆ ಹೊಳೆ ಸುಣ್ಣಕಲ್ಲನ್ನು ಕೊರೆದು ಆಳವಾದ ಕಮರಿ ಮಾಡಿದೆ. ವೀಲ್ ಸುರ್ ಓಜೋಂ ಎಂಬ ಹಳ್ಳಿ ಬಿಟ್ಟ ಮೇಲೆ ಡಿ 942 ರಸ್ತೆ ಆ ಕಮರಿಯ ಗೋಡೆಗೆ ಅಂಟಿಕೊಂಡು ಏರುತ್ತದೆ. ಏರು ತೀರಾ ಸೌಮ್ಯ, ಉಸಿರು ಹಿಡಿಯದೆ ಮಾತಾಡುತ್ತ ಹೋಗಬಹುದು. ಎಡಕ್ಕೆ ಬಂಡೆ, ಬಲಕ್ಕೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಏನೂ ಇಲ್ಲ. ಬಂಡೆಯನ್ನು ಕಡಿದ ಪುಟ್ಟ ಸುರಂಗಗಳ ಒಳಗೆ ಹೊಕ್ಕಾಗ ಬಿಸಿಲಿನಿಂದ ತಣ್ಣನೆಯ ಕತ್ತಲೆಗೆ, ಮತ್ತೆ ಬಿಸಿಲಿಗೆ. ಕಾಸ್ತೆಲರಾ ಎಂಬ ನೋಟದ ಕಟ್ಟೆಯಲ್ಲಿ ಕವಿ ಫ್ರೆದೆರಿಕ್ ಮಿಸ್ತ್ರಾಲ್ ಹೆಸರಿನ ಕಲ್ಲೊಂದು ನಿಂತಿದೆ. ಎದುರಿಗೆ 872 ಮೀಟರ್ ಎತ್ತರದ ರೋಶೆ ದು ಸೀರ್ ಬಂಡೆ. ಅಲ್ಲಿಂದ ಮೋನಿಯೂ ದಾಟಿದರೆ ಸೋ ಊರು, ಅದರ ಕೆಳಗೆ ಜುಲೈ ತಿಂಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗುವ ಲ್ಯಾವೆಂಡರ್ ಹೊಲಗಳು. ವಾಂಟೂ ಹತ್ತಲು ಜಗತ್ತೇ ಬರುತ್ತದೆ. ಪಕ್ಕದಲ್ಲೇ ಇರುವ ಈ ದಾರಿಗೆ ಬರುವವರು ಅದಕ್ಕಿಂತ ಕಡಿಮೆ.

ನೆಸ್ಕ್‌ನಲ್ಲಿ ಬೇಸಿಗೆಯಲ್ಲಾದರೂ ಪ್ರವಾಸಿಗರ ಕಾರು ಕಾಣುತ್ತವೆ. ನಿಜವಾದ ಮೌನ ಬೇಕಿದ್ದರೆ ದೇಶದ ನಡುಮಧ್ಯಕ್ಕೆ, ಕ್ರೂಜ್ ಜಿಲ್ಲೆಗೆ ಹೋಗಬೇಕು. ಈಶಾನ್ಯದಿಂದ ನೈಋತ್ಯಕ್ಕೆ ಫ್ರಾನ್ಸಿನ ಮೇಲೆ ಓರೆಯಾಗಿ ಹಾದುಹೋಗುವ ಒಂದು ಪಟ್ಟಿಯನ್ನು ಅಲ್ಲಿನ ಭೂಗೋಳದವರು ‘ಖಾಲಿ ಕರ್ಣರೇಖೆ’ ಎನ್ನುತ್ತಾರೆ. ಕ್ರೂಜ್ ಅದರೊಳಗಿದೆ. 1851ರಲ್ಲಿ ಅಲ್ಲಿ ಸುಮಾರು 2.87 ಲಕ್ಷ ಜನ ಇದ್ದರು. ಈಗ ಉಳಿದಿರುವುದು 1.15 ಲಕ್ಷದಷ್ಟು. ಆ ಸೀಮೆಯ ಗಾರೆ ಕೆಲಸದವರು ಪ್ರತಿ ವಸಂತದಲ್ಲಿ ನಡೆದೇ ಪ್ಯಾರಿಸಿಗೆ ಹೋಗಿ ಕಟ್ಟಡ ಕಟ್ಟಿ, ಚಳಿಗಾಲಕ್ಕೆ ಮರಳುತ್ತಿದ್ದರು. ಬರಬರುತ್ತ ಮರಳುವುದು ನಿಂತಿತು. ಮೇಲೆ ಮೊದಲ ಮಹಾಯುದ್ಧ ಬಂತು. ಎಂಥ ಕುಗ್ರಾಮದಲ್ಲೂ ಚರ್ಚಿನ ಪಕ್ಕ 1914–18ರಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿದೆ. ಹತ್ತಿರ ಹೋಗಿ ಓದಿದರೆ ಒಂದೇ ಮನೆತನದ ಹೆಸರು ಎರಡು ಸಲ, ಮೂರು ಸಲ ಬರುತ್ತದೆ.

ಸವಾರನಿಗೆ ಸಿಗುವ ಶಾಂತಿಯ ಬೆಲೆ ಇದು. ದೂರದೂರಿನ ವಾಹನಗಳನ್ನು ಟೋಲ್ ಹೆದ್ದಾರಿಗಳು ಎಳೆದುಕೊಂಡವು ನಿಜ. ಆದರೆ ಬಿಳಿ ಗೆರೆಯ ಮೇಲೆ ಊರ ಜನ, ಶಾಲೆ ಮಕ್ಕಳು ಅಷ್ಟಾಗಿ ಕಾಣದಿರುವುದಕ್ಕೆ ಕಾರಣ ಊರುಗಳೇ ಬರಿದಾಗಿರುವುದು. 1960ರ ಸುಮಾರಿಗೆ ದೇಶದಲ್ಲಿ 2 ಲಕ್ಷದಷ್ಟು ಕೆಫೆಗಳಿದ್ದವು, ಈಗ 40 ಸಾವಿರದ ಆಸುಪಾಸು. ಫ್ರೆಂಚ್ ಸೈಕಲ್ ಪ್ರವಾಸ ಒಕ್ಕೂಟದ ಹಳೆಯ ಸಂಪ್ರದಾಯವೊಂದಿದೆ: ಜಿಲ್ಲೆಗೆ ಆರರಂತೆ ಆರಿಸಿದ ಊರುಗಳಿಗೆಲ್ಲ ಸೈಕಲ್ಲಿನಲ್ಲಿ ಹೋಗಿ, ಅಲ್ಲಿನ ಬೇಕರಿಯಲ್ಲೋ ಕೆಫೆಯಲ್ಲೋ ಪುಸ್ತಕಕ್ಕೆ ಮೊಹರು ಒತ್ತಿಸಿಕೊಳ್ಳುವುದು. ಗಡುವಿಲ್ಲ, ಪೈಪೋಟಿಯಿಲ್ಲ; ಕೆಲವರು ಜೀವಮಾನವನ್ನೇ ಇದರಲ್ಲಿ ಕಳೆದಿದ್ದಾರೆ. ಈಗ ಊರ ನಾಮಫಲಕದ ಮುಂದೆ ಸೈಕಲ್ ನಿಲ್ಲಿಸಿ ತೆಗೆದ ಫೋಟೊ ಕೂಡ ನಡೆಯುತ್ತದೆ. ಮೊಹರು ಒತ್ತಲು ಅಂಗಡಿಯೇ ಇಲ್ಲದಿದ್ದರೆ ಸವಾರನಾದರೂ ಏನು ಮಾಡಬೇಕು?

ಹೋಗುವವರಿಗೆ ಕೆಲವು ಮಾತು. ಊರಾಚೆ ಸೈಕಲ್ಲನ್ನು ದಾಟುವ ವಾಹನ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಕಾನೂನಿದೆ, ಬಹುತೇಕರು ಪಾಲಿಸುತ್ತಾರೆ. ಬೇಸಿಗೆಯಲ್ಲಿ ಟಾರು ಸವರಿ ಬೇಬಿ ಜಲ್ಲಿ ಚೆಲ್ಲಿದ ರಸ್ತೆ ಸಿಕ್ಕರೆ ಇಳಿಜಾರಿನಲ್ಲಿ ಬ್ರೇಕು ಬಿಗಿಯಬೇಡಿ. ನೀರು ಮುಗಿದರೆ ಸ್ಮಶಾನ ಹುಡುಕಿ. ಹೂಕುಂಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಅಲ್ಲಿನ ಸವಾರರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ.

ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ಪಂದ್ಯವಲ್ಲ, 1,200 ಕಿ.ಮೀ. ದೂರವನ್ನು 90 ಗಂಟೆಯೊಳಗೆ ಮುಗಿಸುವ ಸಹನೆಯ ಸವಾರಿ. ಬೆಂಗಳೂರಿನ ಸವಾರರೂ ಅದಕ್ಕೆ ಹೋಗಿಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗರು ಮನೆ ಮುಂದೆ ಮೇಜು ಹಾಕಿ ಕಾಫಿ, ತೆಳು ದೋಸೆಯಂಥ ಕ್ರೆಪ್ ಕೊಡುತ್ತಾರೆ. ಲಾ ತಾನಿಯೇರ್ ಎಂಬಲ್ಲಿ ಒಂದು ಮನೆಯವರು ದುಡ್ಡು ಮುಟ್ಟದೆ, ನಿಮ್ಮೂರು ಸೇರಿದ ಮೇಲೆ ಒಂದು ಕಾರ್ಡು ಬರೆಯಿರಿ ಎನ್ನುತ್ತ ಬಂದಿದ್ದಾರೆ. ಮುಂದಿನ ಸವಾರಿ 2027ರಲ್ಲಿ. ಹೊರಡುವವರು ಒಂದು ವಾರ ಹೆಚ್ಚು ರಜೆ ಹಾಕಿ, ಗಡಿಯಾರ ಬಿಚ್ಚಿಟ್ಟು, ಕ್ರೂಜ್ ಕಡೆಗೂ ಒಮ್ಮೆ ತುಳಿಯಿರಿ. ಬ್ರೆಡ್ಡು, ಕಾಫಿ ಆ ಸಣ್ಣ ಊರುಗಳಲ್ಲೇ ಕೊಳ್ಳಿ, ಪೇಟೆಯ ಸೂಪರ್‌ಮಾರ್ಕೆಟ್ಟಿನಿಂದ ಕಟ್ಟಿಸಿಕೊಂಡು ಹೋಗಬೇಡಿ. ಮಧ್ಯಾಹ್ನ ಹನ್ನೆರಡೂವರೆಯೊಳಗೆ ಕೊಂಡರೆ ಒಳ್ಳೆಯದು, ಆಮೇಲೆ ಬಾಗಿಲು ಹಾಕಿಬಿಡುತ್ತಾರೆ. ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ.